ದೊಡ್ಡವರು ಮೇಲೆ, ಚಿಕ್ಕವರು ಕೆಳಗೆ

ಸುಲ್ತಾನ್‌ಪೇಟೆಯ ಒಂದು ಲಗ್ನಪತ್ರಿಕೆ ಅಂಗಡಿಯಲ್ಲಿ ನಾನು ಹದಿನೇಳು ವರ್ಷ ಅಕ್ಷರ ಜೋಡಿಸಿದೀನಿ. ಅಚ್ಚಿನ ಮೊಳೆ ಜೋಡಿಸೋ ಕಾಲ ಅಲ್ಲ, ಅಷ್ಟೇನೂ ಹಳಬಳಲ್ಲ ನಾನು, ಕಂಪ್ಯೂಟರಿನಲ್ಲೇ. ಗಿರಾಕಿಗಳು ಕೈಬರಹದ ಚೀಟಿ ಹಿಡ್ಕೊಂಡು ಬರೋರು. ನಾನು ಅದನ್ನ ಟೈಪ್ ಮಾಡಿ, ಗಣೇಶನ್ನ ತಲೆ ಮೇಲೆ ಕೂರಿಸಿ, ಮುಹೂರ್ತದ ಸಾಲು ಸ್ವಲ್ಪ ದಪ್ಪ ಮಾಡಿ, ಪ್ರೂಫ್ ತೆಗೆದು ಕೊಡ್ತಿದ್ದೆ. ಈ ಊರಲ್ಲಿ ಎಷ್ಟು ಜನರ ಮದುವೆ ನನ್ನ ಕೈ ದಾಟಿ ಹೋಗಿದೆಯೋ ನನಗೇ ಗೊತ್ತಿಲ್ಲ. ಒಂದು ಮದುವೆಗೂ ನನ್ನನ್ನ ಯಾರೂ ಕರೆದಿಲ್ಲ, ಆ ಮಾತು ಬೇರೆ.

ಕೆಲಸ ನೋಡೋಕೆ ಸುಲಭ. ಕಷ್ಟ ಇರೋದು ಕಾರ್ಡಿನ ಕೆಳಭಾಗದಲ್ಲಿ, 'ಸುಖಾಗಮನ ಬಯಸುವವರು' ಅಂತ ಬರುತ್ತಲ್ಲ, ಆ ಹೆಸರಿನ ಪಟ್ಟಿಯಲ್ಲಿ. ಅಲ್ಲಿ ಯಾರ ಹೆಸರು ಯಾರ ಮೇಲೆ ಬಂತು ಅನ್ನೋ ಒಂದೇ ಕಾರಣಕ್ಕೆ ಎಷ್ಟು ಮನೆಗಳಲ್ಲಿ ಅಣ್ಣತಮ್ಮಂದಿರ ಮಾತು ನಿಂತಿದೆ ಅಂತ ನನ್ನನ್ನ ಕೇಳಿ. ನಮ್ಮ ಮಾಲೀಕರು ಎಪ್ಪತ್ತು ದಾಟಿದವರು, ಬಿಳಿ ಷರಟಿನ ಜೇಬಲ್ಲಿ ಯಾವಾಗ್ಲೂ ಕೆಂಪು ಪೆನ್ನು ಇಟ್ಕೊಂಡಿರೋರು. ನಾನು ಸೇರಿದ ದಿನ ಅವರು ಹೇಳಿಕೊಟ್ಟ ಪಾಠ ಒಂದೇ: ದೊಡ್ಡವರು ಮೇಲೆ, ಚಿಕ್ಕವರು ಕೆಳಗೆ. ಅಜ್ಜ ಮೊದಲು, ಆಮೇಲೆ ದೊಡ್ಡಪ್ಪ, ಆಮೇಲೆ ಚಿಕ್ಕಪ್ಪ, ಸೋದರಮಾವ, ಕೊನೆಗೆ ಮಕ್ಕಳುಮರಿ. ಇದು ತಪ್ಪಿದ್ರೆ ಮದುವೆ ಮುರಿಯಲ್ಲ ಕಣಮ್ಮ, ಅಂಗಡಿ ಮುರಿಯುತ್ತೆ, ಅಂದಿದ್ರು. ಎರಡನೇ ತಿಂಗಳಲ್ಲೇ ನಾನು ಒಬ್ಬ ಚಿಕ್ಕಪ್ಪನ್ನ ದೊಡ್ಡಪ್ಪನ ತಲೆ ಮೇಲೆ ಕೂರಿಸಿಬಿಟ್ಟೆ. ಆ ದೊಡ್ಡಪ್ಪ ಅಂಗಡಿಗೇ ಬಂದು, ಬಾಗಿಲಿಗೆ ಅಡ್ಡ ಸ್ಟೂಲ್ ಹಾಕ್ಕೊಂಡು ಕೂತು, ತನ್ನ ಹೆಸರು ಮೇಲೆ ಬಂದ ಹೊಸ ಪ್ರೂಫ್ ಕೈಗೆ ಸಿಗೋವರೆಗೂ ಏಳಲಿಲ್ಲ. ಅವತ್ತಿಂದ ನಾನು ಆ ತಪ್ಪು ಮಾಡಿಲ್ಲ.

ಮಾಲೀಕರು ಪ್ರೂಫ್ ಓದೋದು ನೋಡಬೇಕು. ಕೆಳಗಿನ ಸಾಲಿಂದ ಮೇಲಕ್ಕೆ ಒಂದು ಸಲ, ಮೇಲಿಂದ ಕೆಳಕ್ಕೆ ಇನ್ನೊಂದು ಸಲ. ಕೊನೇ ಚುಕ್ಕೆವರೆಗೂ ಓದದೆ ಅವರು ಸಹಿ ಹಾಕಿದ್ದನ್ನ ನಾನು ಕಂಡಿಲ್ಲ. ಸ್ವಂತ ಮಗಳ ಮದುವೆ ಕಾರ್ಡನ್ನೂ, ಮನೆಯಲ್ಲಿ ಬೀಗರು ಕಾಯ್ತಾ ಕೂತಿದ್ದಾಗ, ಎರಡು ಸಲ ಓದಿಯೇ ಸಹಿ ಹಾಕಿದ್ರಂತೆ. ಗಿರಾಕಿಗಳು ಚಡಪಡಿಸ್ತಾ ಇದ್ರೆ ಅವರಿಗೊಂದು ಕಾಫಿ ತರಿಸಿ, ತಾವು ಓದ್ತಾ ಇರೋರು.

ಇಂಥವರು ಹೋದ ಸಂಕ್ರಾಂತಿ ಮಾರನೇ ದಿನ ನನ್ನ ಕೈಗೆ ಎಳ್ಳುಬೆಲ್ಲದ ಪೊಟ್ಟಣ ಕೊಟ್ಟು, ಮುಖ ಬೀದಿ ಕಡೆ ತಿರುಗಿಸಿ, ಆಷಾಢ ಬರೋ ಹೊತ್ತಿಗೆ ನಿನ್ನ ಮೇಜು ತೆಗೀಬೇಕಾಗುತ್ತಮ್ಮ ಅಂದ್ರು. ಜನ ಫೋನಿನಲ್ಲೇ ಕಾರ್ಡ್ ಮಾಡ್ಕೋತಾರೆ, ವಾಟ್ಸಾಪಿನಲ್ಲೇ ಊರೆಲ್ಲಾ ಹಂಚ್ತಾರೆ. ದೇವರ ಮುಂದಿಡೋಕೆ, ಹಿರಿಯರ ಕೈಗೆ ಕೊಡೋಕೆ ಅಂತ ಐವತ್ತೋ ನೂರೋ ಅಚ್ಚು ಹಾಕಿಸ್ತಾರೆ, ಅದಕ್ಕೂ ಡಿಸೈನ್ ಅವರೇ ತರ್ತಾರೆ. ಟೈಪ್ ಮಾಡೋಕೆ ಏನಿದೆ? ಅವರು ಹೇಳಿದ್ದು ಅಷ್ಟೂ ನಿಜ. ನಿಜ ಆಗಿದ್ದಕ್ಕೇ ನನಗೆ ಇನ್ನೂ ಉರೀತು. ಎಳ್ಳುಬೆಲ್ಲ ತಿಂದು ಒಳ್ಳೆ ಮಾತಾಡು ಅಂತಾರೆ. ನಾನು ತಿಂದೆ, ಮಾತಾಡಲಿಲ್ಲ.

ನನಗಾಗ ನಲವತ್ತಮೂರು. ಅದೇ ಬೀದಿಯಲ್ಲಿ ಬೇರೆ ಅಂಗಡಿ ನೋಡೋಣ ಅಂದ್ರೆ ಎಲ್ಲರದ್ದೂ ಅದೇ ಗೋಳು. ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್, ಊಟ ತಿಂಡಿಗೆ ತೊಂದರೆ ಆಗ್ತಿರಲಿಲ್ಲ, ಸುಳ್ಳು ಯಾಕೆ ಹೇಳಲಿ. ನನ್ನ ಭಯ ಬೇರೆ. ಬೆಳಿಗ್ಗೆ ಎದ್ದು ಸೀರೆ ಉಟ್ಟು, ಊಟದ ಡಬ್ಬಿ ಹಿಡಿದು ಹೊರಡೋಕೆ ಒಂದು ಜಾಗ ಇರಬೇಕು ನನಗೆ. ಅದಿಲ್ಲ ಅಂದ್ರೆ ನಾನು ನಾನಾಗಿರಲ್ಲ. ಅದೂ ಅಲ್ದೆ ಮನೆಯಲ್ಲಿ ಇಡೀ ದಿನ ನಮ್ಮತ್ತೆ ಇರ್ತಾರೆ. ಇಬ್ಬರದ್ದೂ ಬಾಯಿ ದೊಡ್ಡದು, ಮನೆ ಚಿಕ್ಕದು.

ಅದೇ ವಾರ ಒಬ್ಬಳು ಮದುಮಗಳು ತನ್ನ ಕಾರ್ಡಿನ ಚೀಟಿ ತಾನೇ ಬರ್ಕೊಂಡು ಬಂದ್ಳು. ತಾರೀಖು ಸರಿಯಾಗಿತ್ತು, ವಾರ ತಪ್ಪಿತ್ತು. ಸೋಮವಾರ ಬರಬೇಕಾದ ಕಡೆ ಭಾನುವಾರ. ನಾನು ಕ್ಯಾಲೆಂಡರ್ ಕಡೆ ತಿರುಗಿಯೂ ನೋಡದೆ ಹೇಳಿದೆ. ಅವಳು ಬೆಪ್ಪಾಗಿ ನನ್ನನ್ನೇ ನೋಡಿದ್ಳು. ಎರಡು ಮನೆಯ ಹಿರಿಯರೂ, ಪುರೋಹಿತರೂ ನೋಡಿದ ಚೀಟಿ ಅಂತೆ ಅದು. ಅವಳು ಕೆಲಸ ಮಾಡ್ತಿದ್ದದ್ದು ಕ್ಲೌಡ್ ಅಂತಾರಲ್ಲ, ಅದರಲ್ಲಿ. ಬೆಳಿಗ್ಗೆ ಹೊತ್ತು ಚಾಮರಾಜಪೇಟೆಯಲ್ಲಿ ಅದರದ್ದೇ ಕ್ಲಾಸೂ ತಗೋತಿದ್ಳು. ಕ್ಲೌಡ್ ಅಂದ್ರೆ ಮೋಡನೂ ಇಲ್ಲ ಮಣ್ಣೂ ಇಲ್ಲ, ಎಲ್ಲೋ ಇರೋ ಬೇರೆಯವರ ಕಂಪ್ಯೂಟರನ್ನ ಬಾಡಿಗೆಗೆ ತಗೊಳ್ಳೋದು, ಅದನ್ನ ನೋಡ್ಕೊಳ್ಳೋಕೆ ಜನ ಬೇಕು, ಅಲ್ಲಿ ಅರ್ಧ ಅನಾಹುತ ಆಗೋದು ಇಂಥದೊಂದು ಅಕ್ಷರ ತಪ್ಪಿಯೇ, ಅಂತ ಹೇಳಿದ್ಳು. ನೆಟ್‌ವರ್ಕು, ಸೆಕ್ಯುರಿಟಿ ಇವೆರಡನ್ನ ಬುಡದಿಂದ ಕಲೀರಿ, ಮಿಕ್ಕಿದ್ದು ಆಮೇಲೆ ನೋಡ್ಕೊಳ್ಳೋಣ, ಬನ್ನಿ ಮೇಡಂ ಅಂದ್ಳು. ಮಲ್ಲೇಶ್ವರದ ಒಂದು ಸಣ್ಣ ಕಂಪನಿಯವರು ಈ ಬ್ಯಾಚಿನಿಂದ ಒಬ್ಬರನ್ನ ತಗೋತೀವಿ ಅಂದಿದಾರೆ, ಕೊನೆಗೊಂದು ಪ್ರಾಕ್ಟಿಕಲ್ ಪರೀಕ್ಷೆ ಇರುತ್ತೆ ಅಂತಾನೂ ಹೇಳಿದ್ಳು. ಒಬ್ಬರನ್ನ, ಒಂದೇ ಒಂದು ಕುರ್ಚಿ. ಆಷಾಢದೊಳಗೆ ಆ ಕುರ್ಚಿ ನನ್ನದಾಗಬೇಕು ಅಂತ ಅವತ್ತೇ ತೀರ್ಮಾನ ಮಾಡ್ದೆ.

ಕ್ಲಾಸು ನಾರುಬೇರು, ಪೂಜೆ ಸಾಮಾನು ಮಾರೋ ಒಂದು ಗ್ರಂಧಿಗೆ ಅಂಗಡಿ ಮೇಲಿನ ಮಹಡಿಯಲ್ಲಿ. ಕೆಳಗಿಂದ ಕರ್ಪೂರ, ಲಾವಂಚ, ಬಜೆ ವಾಸನೆ ಎಲ್ಲಾ ಬೆರೆತು ಮೇಲೆ ಬರ್ತಿತ್ತು. ಇವತ್ತಿಗೂ ಫೈರ್‌ವಾಲ್ ಅನ್ನೋ ಕಂಪ್ಯೂಟರಿನ ಕಾವಲುಗೋಡೆ ಹೆಸರು ಕೇಳಿದ್ರೆ ನನ್ನ ಮೂಗಿಗೆ ಲಾವಂಚದ ವಾಸನೆ ಬರುತ್ತೆ. ಮೊದಲನೇ ದಿನ ಒಬ್ಬ ಹುಡುಗ ನನ್ನನ್ನ ನೋಡಿ, ಆಂಟಿ, ಮಗನ್ನ ಸೇರಿಸೋಕೆ ಬಂದ್ರಾ ಅಂತ ಕೇಳ್ದ. ಇಲ್ಲಪ್ಪ, ನಿನ್ನ ಪಕ್ಕ ಕೂರೋಕೆ ಬಂದಿದೀನಿ, ಸ್ವಲ್ಪ ಸರಿ ಅಂದೆ. ಪಾಪ, ಆಮೇಲಿಂದ ನನಗೆ ಚಾರ್ಜರ್ ಚುಚ್ಚೋ ಪ್ಲಗ್ಗಿನ ಪಕ್ಕದ ಜಾಗ ಅವನೇ ಹಿಡಿದಿಡ್ತಿದ್ದ.

ಮೊದಲ ವಾರ ತಲೆ ಕೆಟ್ಟು ಕೆರ ಹಿಡಿದುಹೋಯ್ತು. ಆಮೇಲೆ ನೋಡಿದ್ರೆ ಇದೆಲ್ಲಾ ನಮ್ಮ ಅಂಗಡಿ ವ್ಯವಹಾರವೇ. ಪ್ರತಿ ಕಂಪ್ಯೂಟರಿಗೂ ಒಂದು ವಿಳಾಸ ಇರುತ್ತೆ, ಐಪಿ ಅಂತಾರೆ. ನಾಲ್ಕು ಅಂಕಿ, ಮಧ್ಯೆ ಮಧ್ಯೆ ಚುಕ್ಕೆ, ಯಾವ ಅಂಕಿಯೂ ಇನ್ನೂರೈವತ್ತೈದು ದಾಟೋ ಹಾಗಿಲ್ಲ. ಮಾತು ಕಳಿಸಬೇಕಾದ್ರೆ ಅದನ್ನ ಸಣ್ಣ ಸಣ್ಣ ತುಂಡು ಮಾಡಿ, ಪ್ರತಿ ತುಂಡನ್ನೂ ಲಕೋಟೆಗೆ ಹಾಕಿ, ಮೇಲೆ ಎಲ್ಲಿಗೆ, ಎಲ್ಲಿಂದ ಅಂತ ಬರೆದು ಕಳಿಸೋದು. ಲಕೋಟೆ ಮೇಲೆ ವಿಳಾಸ ಬರೆಯೋದನ್ನ ನನಗೆ ಹೇಳಿಕೊಡಬೇಕಾ? ಇನ್ನು ಪೋರ್ಟ್ ಅನ್ನೋದು ಕಲ್ಯಾಣಮಂಟಪದ ಬಾಗಿಲು. ನೆಂಟರಿಗೆ ಮುಂಬಾಗಿಲು, ಅಡುಗೆಯವರಿಗೆ ಕಲಾಸಿಪಾಳ್ಯದಿಂದ ತರಕಾರಿ ಇಳಿಸೋ ಹಿಂಬಾಗಿಲು. ಬಾಳೆಎಲೆ ಹೊತ್ತವನು ಮುಂಬಾಗಿಲಲ್ಲಿ ಬಂದ್ರೂ ಗಲಾಟೆ, ನೆಂಟರು ಹಿಂಬಾಗಿಲಲ್ಲಿ ನುಗ್ಗಿದ್ರೂ ಗಲಾಟೆ. ಇಷ್ಟು ಹೇಳಿದ್ದಕ್ಕೆ ಟೀಚರಮ್ಮ, ಅದೇ ಆ ಮದುಮಗಳು, ಬೋರ್ಡ್ ಮೇಲೆ ಒಂದು ಕಲ್ಯಾಣಮಂಟಪ ಬರೆದು ಮಿಕ್ಕವರಿಗೂ ಅದನ್ನೇ ಹೇಳಿಕೊಟ್ಳು. ನನಗೆ ಕೋಡು ಬಂತು.

ಒಂದು ವಿಷಯ ಮಾತ್ರ ಗಂಟಲಲ್ಲಿ ಇಳೀಲಿಲ್ಲ. ಸೆಕ್ಯುರಿಟಿಯವರ ಮೊದಲನೇ ಸೂತ್ರ, ಯಾರನ್ನೂ ಒಳಗೆ ಬಿಡಬೇಡಿ, ಬೇಕಾದವರಿಗೆ ಮಾತ್ರ ಬಾಗಿಲು ತೆಗೀರಿ ಅಂತ. ಹದಿನೇಳು ವರ್ಷ 'ಸಕುಟುಂಬ ಸಪರಿವಾರ ಸಮೇತರಾಗಿ ಆಗಮಿಸಿ' ಅಂತ ಊರಿಗೆಲ್ಲಾ ಅಚ್ಚು ಹಾಕಿಸಿದವಳು ನಾನು. ಮನೆಗೆ ಬಂದವರಿಗೆ ನೀರು ಕೊಡೋಕೆ ಮುಂಚೆ ಬಾಗಿಲು ಹಾಕು ಅಂದ ಹಾಗಾಯ್ತು ನನಗೆ. ಅದಕ್ಕೂ ಹೇಗೋ ಒಗ್ಗಿಕೊಂಡೆ. ಎಡವಟ್ಟು ಆಗಿದ್ದು ಬೇರೆ ಕಡೆ.

ಮೇ ತಿಂಗಳಲ್ಲಿ ಪ್ರಾಕ್ಟಿಕಲ್ ಬಂತು. ಒಂದು ಅಂಗಡಿಯ ಸರ್ವರ್, ಅಂದ್ರೆ ಅದರ ವೆಬ್‌ಪುಟ ಇಟ್ಟಿರೋ ಕಂಪ್ಯೂಟರ್, ಇದೆ ಅಂದ್ಕೊಳ್ಳಿ, ಅದರ ಮುಂದೆ ಕಾವಲಿಗೆ ನಿಯಮದ ಪಟ್ಟಿ ಬರೀಬೇಕು. ಮುಂಬಾಗಿಲಿಗೆ ಲೋಕದಲ್ಲಿರೋ ಯಾರು ಬೇಕಾದ್ರೂ ಬರಬಹುದು. ಹಿಂಬಾಗಿಲಿಗೆ ಆ ಅಂಗಡಿಯ ಆಫೀಸಿನವರು ಮಾತ್ರ. ಒಂದು ವಿಳಾಸದಿಂದ ಒಬ್ಬ ಕಿಡಿಗೇಡಿ ಕಾಟ ಕೊಡ್ತಿದಾನೆ, ಅವನನ್ನ ಯಾವ ಬಾಗಿಲಿಂದಲೂ ಬಿಡಬಾರದು. ಇಷ್ಟೇನಾ ಅಂದ್ಕೊಂಡೆ. ಚಕಚಕ ಬರೆದೆ. ಮೊದಲನೇ ಸಾಲು, ಎಲ್ಲರಿಗೂ ಮುಂಬಾಗಿಲು. ಎರಡನೇ ಸಾಲು, ಆಫೀಸಿನವರಿಗೆ ಹಿಂಬಾಗಿಲು. ಎಲ್ಲಕ್ಕಿಂತ ಕೊನೆಗೆ, ಆ ಒಬ್ಬನೇ ಒಬ್ಬನಿಗೆ ಪ್ರವೇಶ ಇಲ್ಲ. ಪಟ್ಟಿ ನೋಡೋಕೆ ಎಷ್ಟು ಚೆನ್ನಾಗಿತ್ತು ಅಂತೀರಿ, ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕೋ ಹಾಗಿತ್ತು. ಎಲ್ಲರಿಗಿಂತ ಮುಂಚೆ ಮುಗಿಸಿ, ಕೈ ಕಟ್ಟಿ ಕೂತೆ.

ಟೀಚರಮ್ಮ ಆ ಕಿಡಿಗೇಡಿಯ ವಿಳಾಸ ಇರೋ ಕಂಪ್ಯೂಟರಿನ ಮುಂದೆ ಕೂತು ಒಂದು ಸಲ ಒತ್ತಿದ್ಳು. ಅಂಗಡಿಯ ಪುಟ ಸಲೀಸಾಗಿ ತೆರೀತು. ಅವಳು ಮೆತ್ತಗೆ ವಿವರಿಸಿದ್ಳು. ಕಾವಲು ಕಾಯೋ ಆ ಕಂಪ್ಯೂಟರು ಪಟ್ಟಿಯನ್ನ ಮೇಲಿಂದ ಓದುತ್ತೆ. ಬಂದವನಿಗೆ ಹೊಂದೋ ಮೊದಲನೇ ಸಾಲು ಸಿಕ್ಕ ತಕ್ಷಣ ಅದರಂತೆ ನಡೆದು, ಅಲ್ಲೇ ಓದೋದು ನಿಲ್ಲಿಸುತ್ತೆ. ನಾನು ತಲೆ ಮೇಲೆ 'ಎಲ್ಲರಿಗೂ' ಅಂತ ಬರೆದಿದೀನಲ್ಲ, ಕಿಡಿಗೇಡಿಯೂ ಆ ಎಲ್ಲರಲ್ಲಿ ಒಬ್ಬನೇ. ಅವನು ಅಲ್ಲೇ ಒಳಗೆ ಬಂದ. ಕೆಳಗೆ ಅವನಿಗಂತಲೇ ಬರೆದ ಸಾಲಿನವರೆಗೂ ಯಾರೂ ಓದಲೇ ಇಲ್ಲ. ಇಲ್ಲಿ ಒಬ್ಬೊಬ್ಬರ ಸಣ್ಣ ಸಾಲು ಮೇಲಿರಬೇಕು, ಊರಿಗೆಲ್ಲಾ ಅನ್ವಯಿಸೋ ದೊಡ್ಡ ಸಾಲು ಕೆಳಗೆ. ಇದನ್ನ ಕ್ಲಾಸಿನಲ್ಲಿ ಹೇಳಿದ್ದೆ ಮೇಡಂ ಅಂದ್ಳು. ಹೇಳಿದ್ಳು, ನಾನು ನೋಟ್ಸೂ ಬರ್ಕೊಂಡಿದ್ದೆ. ಆದ್ರೆ ಕೈಗೆ ಹದಿನೇಳು ವರ್ಷದ ಅಭ್ಯಾಸ, ಅದು ನೋಟ್ಸ್ ನೋಡಲಿಲ್ಲ.

ಪಾಸಾದವರು ಯಾರೂ ಇರಲಿಲ್ಲ, ಒಬ್ಬೊಬ್ಬರದ್ದು ಒಂದೊಂದು ಎಡವಟ್ಟು. ಮೂರು ವಾರ ಬಿಟ್ಟು ಕಂಪನಿಯವರೇ ಬಂದು ಎದುರಿಗೆ ಕೂತು ಮತ್ತೆ ಪರೀಕ್ಷೆ ತಗೋತಾರೆ, ಅದೇ ಕೊನೆ ಅಂತ ಆಯ್ತು. ನಾನು ಮನೆಗೆ ಬಂದು ಚಪ್ಪಲಿ ಬಿಚ್ಚದೆ ಹೊಸ್ತಿಲ ಮೇಲೇ ಕೂತೆ. ಅತ್ತೆ ಅಡುಗೆಮನೆಯಿಂದ ಇಣುಕಿ, ಬಿದ್ದ್ಯಾ ಅಂತ ಕೇಳಿದ್ರು. ಹೂಂ ಅಂದೆ. ಸರಿ, ಏಳು, ಉಪ್ಪಿಟ್ಟು ಆರ್ತಿದೆ ಅಂದ್ರು. ಬಡಿಸೋವಾಗ ಗೋಡಂಬಿ ಎಲ್ಲಾ ಹುಡುಕಿ ನನ್ನ ತಟ್ಟೆಗೇ ಹಾಕಿದ್ದನ್ನ ನಾನು ನೋಡ್ದೆ. ನೋಡಿಲ್ಲದ ಹಾಗೆ ತಿಂದೆ. ಹೊಗಳಿದ್ರೆ ಅವರಿಗೆ ಆಗಲ್ಲ.

ಅಂಗಡಿಗೆ ಹೋಗಿ ಸಿಟ್ಟೆಲ್ಲಾ ಮಾಲೀಕರ ಮೇಲೆ ತೀರಿಸಿಕೊಂಡೆ. ನೀವು ಹೇಳಿಕೊಟ್ಟ ಪಾಠದಿಂದಲೇ ಫೇಲಾಗಿ ಬಂದೆ ಸಾರ್ ಅಂದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಅದು ನನಗೂ ಗೊತ್ತು, ಆದ್ರೂ ಅಂದೆ. ಅವರು ಪೂರ್ತಿ ಕೇಳಿಸಿಕೊಂಡು, ಕನ್ನಡಕ ತೆಗೆದು ಒರೆಸಿ, ದೊಡ್ಡವರನ್ನ ಕೆಳಗೆ ಹಾಕೋದು ಎಂಥ ವಿದ್ಯೆಯಮ್ಮ ಅಂತ ಬೇಜಾರು ಮಾಡ್ಕೊಂಡ್ರು. ನಿಜವಾಗ್ಲೂ ಅವರ ಮನಸ್ಸಿಗೆ ನೋವಾಯ್ತು.

ಮಾರನೇ ದಿನ ಬಂದು ನೋಡ್ತೀನಿ, ನನ್ನ ಮೇಜಿನ ಮೇಲೆ ಹಳೇ ಸ್ಯಾಂಪಲ್ ಕಾರ್ಡುಗಳ ಒಂದು ಕಟ್ಟು. ಖಾಲಿ ಇರೋ ಹಿಂಬದಿಯಲ್ಲಿ ಒಂದೊಂದರ ಮೇಲೂ ಒಂದೊಂದು ನಿಯಮ ಬರಿ, ಗಿರಾಕಿ ಇಲ್ಲದ ಹೊತ್ತಲ್ಲಿ ನನಗೆ ಆ ವಿದ್ಯೆ ತೋರಿಸು ಅಂದ್ರು. ಹಾಗೆ ಶುರುವಾಯ್ತು ನಮ್ಮ ಆಟ. ನಾನು ನಿಯಮದ ಕಾರ್ಡುಗಳನ್ನ ಒಂದರ ಕೆಳಗೊಂದು ಜೋಡಿಸಿಡೋದು. ಅವರು ಕಾವಲುಗಾರ. ನಾನು ಹೊರಗಿಂದ ಬಂದವಳ ಹಾಗೆ ಯಾರು, ಯಾವ ಬಾಗಿಲು ಅಂತ ಹೇಳೋದು, ಅವರು ಮೇಲಿಂದ ಓದಿ, ಹೊಂದೋ ಸಾಲು ಸಿಕ್ಕ ಕಡೆ ನಿಲ್ಲಿಸಿ, ಒಳಗೆ ಬಿಡಬೇಕು, ಇಲ್ಲಾ ಓಡಿಸಬೇಕು.

ಅವರಷ್ಟು ಕೆಟ್ಟ ಕಾವಲುಗಾರರನ್ನ ನಾನು ಕಂಡಿಲ್ಲ. ಮೊದಲನೇದಾಗಿ, ಓದೋದು ನಿಲ್ಲಿಸೋಕೇ ಬರಲ್ಲ. ಸಾಲು ಸಿಕ್ಕಿದ್ರೂ ಕೆಳಗೇನಿದೆ ನೋಡೇಬಿಡೋಣ ಅಂತ ಕೊನೇವರೆಗೂ ಹೋಗೋರು. ಆಮೇಲೆ ಅಭ್ಯಾಸಬಲದಿಂದ ಕೆಳಗಿಂದ ಮೇಲಕ್ಕೂ ಬರೋರು. ಅಲ್ಲೇ ನಿಲ್ಲಿಸಿ ಸಾರ್, ಅಲ್ಲೇ ನಿಲ್ಲಿಸಿ, ಅಂತ ದಿನಕ್ಕೆ ಎಷ್ಟು ಸಲ ಅಂದಿದೀನೋ. ಅರ್ಧ ಓದಿ ತೀರ್ಪು ಕೊಡೋನು ಮನುಷ್ಯನಾ ಅಂತ ನನಗೇ ತಿರುಗಿ ಕೇಳೋರು. ಎರಡನೇದಾಗಿ, ಕರುಣೆ ಜಾಸ್ತಿ. ಪಾಪ ಬಿಸಿಲಲ್ಲಿ ಬಂದಿದಾನೆ ಅಂತ ಕಿಡಿಗೇಡಿಯನ್ನೂ ಒಳಗೆ ಕರೆಯೋರು. ಕೊನೇ ಕಾರ್ಡಿನಲ್ಲಿ 'ಮಿಕ್ಕ ಯಾರಿಗೂ ಪ್ರವೇಶ ಇಲ್ಲ' ಅಂತ ಬರೆದಿದ್ದನ್ನ ನೋಡಿ, ಇಂಥ ಮಾತನ್ನ ಈ ಅಂಗಡಿಯಲ್ಲಿ ಯಾವತ್ತೂ ಬರೆದಿಲ್ಲ ಅಂತ ಕಾರ್ಡು ಬೋರಲು ಹಾಕಿದ್ರು.

ಇದಕ್ಕೊಂದು ಉಪಾಯ ಮಾಡ್ದೆ. ಮಾಲೀಕರಿಗೆ ಒಬ್ಬ ಷಡ್ಡಕ ಇದ್ದಾರೆ, ಅಂದ್ರೆ ಅವರ ಹೆಂಡತಿಯ ತಂಗಿ ಗಂಡ. ಯಾವುದೋ ಕಾಲದಲ್ಲಿ, ಯಾರದ್ದೋ ಮದುವೆ ಊಟದ ಪಂಕ್ತಿಯಲ್ಲಿ, ಹೋಳಿಗೆ ವಿಷಯಕ್ಕೆ ಇಬ್ಬರಿಗೂ ಆಗಿಬರದೆ ಹೋಗಿತ್ತು. ಕಿಡಿಗೇಡಿ ಅನ್ನೋ ಕಡೆ ನಾನು 'ಷಡ್ಡಕ' ಅಂತ ಬರೆದಿಟ್ಟೆ. ಮಾಲೀಕರ ಕಣ್ಣು ಬದಲಾಯ್ತು. ಅವತ್ತಿಂದ ಆ ಕಾರ್ಡನ್ನ ಅವರೇ ಎತ್ತಿ ಎಲ್ಲಕ್ಕಿಂತ ಮೇಲಿಡೋರು, ಷಡ್ಡಕ ಬಂದ ಅಂದ ತಕ್ಷಣ ಮೊದಲನೇ ಸಾಲಲ್ಲೇ ನಿಲ್ಲಿಸಿ, ಇಲ್ಲ ಅಂದ್ರೆ ಇಲ್ಲ ಅಂತ ಮೇಜು ಕುಟ್ಟೋರು. ಆಗ ನನಗೆ ಒಳಗೇ ಹೊಳೀತು. ಒಬ್ಬನ ಮೇಲೆ ನಿಜವಾಗ್ಲೂ ಗಮನ ಇದ್ರೆ, ಅವನು ಚಿಕ್ಕವನೋ ದೊಡ್ಡವನೋ, ಅವನ ಸಾಲು ತಾನಾಗೇ ಮೇಲೆ ಬರುತ್ತೆ. ಆಮೇಲೆ ಕೈ ತಪ್ಪಲಿಲ್ಲ.

ಇದನ್ನೆಲ್ಲಾ ನೋಡಿದ ಗಿರಾಕಿಗಳು ಏನಂದ್ಕೊಂಡ್ರೋ. ಒಬ್ಬರು ಮಗಳ ನಾಮಕರಣದ ಕಾರ್ಡಿಗೆ ಬಂದವರು, ಷಡ್ಡಕನಿಗೆ ಹಿಂಬಾಗಿಲೂ ಇಲ್ಲ ಅಂತ ಮಾಲೀಕರು ಗುಡುಗಿದ್ದನ್ನ ಕೇಳಿ, ಆಮೇಲೆ ಬರ್ತೀನಿ ಅಂತ ಹೋದವರು ವಾಪಸ್ ಬರಲಿಲ್ಲ.

ಜೂನ್ ತಿಂಗಳ ಒಂದು ಬೆಳಿಗ್ಗೆ ಮಲ್ಲೇಶ್ವರದ ಕಂಪನಿಯವರು ಬಂದ್ರು. ನನ್ನಷ್ಟೇ ವಯಸ್ಸಿನ ಒಬ್ಬ ಮನುಷ್ಯ, ಹಣೆ ಮೇಲೆ ಸಣ್ಣ ಕುಂಕುಮ, ಇಂಗ್ಲಿಷಿನಲ್ಲಿ ಶುರು ಮಾಡಿ ನನ್ನ ಮುಖ ನೋಡಿ ಕನ್ನಡಕ್ಕೆ ಇಳಿದ್ರು. ಅವತ್ತು ಸೀರೆ ಉಡೋವಾಗ, ಇದು ಹೋದ್ರೆ ಮುಂದಿನ ತಿಂಗಳಿಂದ ನಾನು ಯಾಕೆ ಸೀರೆ ಉಡ್ತೀನಿ ಅನ್ನೋ ಯೋಚನೆ ಬಂದಿತ್ತು. ಪ್ರಶ್ನೆ ಪತ್ರಿಕೆ ಕೈಗೆ ಬಂತು, ಕೇಳಿದ್ದು ಮತ್ತೆ ಅಂಥದ್ದೇ ಕಾವಲಿನ ಪಟ್ಟಿ. ಓದಬೇಕಾದ್ರೆ ಪ್ರೂಫ್ ಕಣ್ಣು ಸುಮ್ಮನೆ ಇರುತ್ತಾ? ಪ್ರಶ್ನೆಯ ಚಿತ್ರದಲ್ಲಿ, ಯಾವುದಕ್ಕೂ ಸಂಬಂಧ ಇಲ್ಲದ ಒಂದು ಮೂಲೆಯಲ್ಲಿ, ಒಂದು ಪ್ರಿಂಟರಿನ ವಿಳಾಸ ಇತ್ತು. ಅದರ ಮೂರನೇ ಅಂಕಿ ಇನ್ನೂರ ಅರವತ್ತೈದು. ಇನ್ನೂರೈವತ್ತೈದು ದಾಟಿದ ವಿಳಾಸ ಈ ಲೋಕದಲ್ಲಿ ಇಲ್ಲ. ನನಗೇ ಗೊತ್ತಿಲ್ಲದ ಹಾಗೆ ಪೆನ್ನು ತೆಗೆದು, ಅದಕ್ಕೊಂದು ಸುತ್ತು ಹಾಕಿ, ಪಕ್ಕದಲ್ಲಿ ಪ್ರಶ್ನೆ ಚಿಹ್ನೆ ಇಟ್ಟೆ. ಆಮೇಲೆ ಪಟ್ಟಿ ಬರೆದೆ. ಷಡ್ಡಕ ಮೇಲೆ, ಆಫೀಸಿನವರು ಆಮೇಲೆ, ಊರಿನವರೆಲ್ಲಾ ಅವರ ಕೆಳಗೆ, ಕೊನೆಗೆ ಮಿಕ್ಕ ಯಾರಿಗೂ ಇಲ್ಲ.

ಅವರು ಕಿಡಿಗೇಡಿಯ ಕಂಪ್ಯೂಟರಿಂದ ಒತ್ತಿದ್ರು. ಪುಟ ತೆರೀಲಿಲ್ಲ. ಇನ್ನೊಂದು ಸಲ ಒತ್ತಿದ್ರು. ಚಕ್ರ ಸುತ್ತುತ್ತಾನೇ ಇತ್ತು, ಪುಟ ಬರಲೇ ಇಲ್ಲ. ಬೇರೆ ವಿಳಾಸಗಳಿಂದ ಎರಡೂ ಬಾಗಿಲು ತಟ್ಟಿ ನೋಡಿದ್ರು. ಬರಬೇಕಾದವರು ಬಂದ್ರು, ಬರಬಾರದವರು ಹೊರಗೇ ನಿಂತ್ರು. ಆಮೇಲೆ ನನ್ನ ಕಡೆ ತಿರುಗಿ, ಈ ಒಬ್ಬನ ಸಾಲನ್ನ ಎಲ್ಲಕ್ಕಿಂತ ಮೇಲೆ ಯಾಕೆ ಹಾಕಿದ್ರಿ ಅಂತ ಕೇಳಿದ್ರು. ಟೀಚರಮ್ಮ ಹೇಳಿಕೊಟ್ಟ ಇಂಗ್ಲಿಷ್ ವಾಕ್ಯ ಒಂದಿತ್ತು, ಬಾಯಿಪಾಠ ಮಾಡಿದ್ದೆ. ಅದು ಬಾಯಿಗೆ ಬರಲಿಲ್ಲ.

"ಚಿಕ್ಕವರನ್ನ ಕೆಳಗೆ ಹಾಕಿದ್ರೆ ಅಲ್ಲೀವರೆಗೂ ಯಾರೂ ಓದಲ್ಲ ಸಾರ್," ಅಂದೆ.

ಅವರು ನಕ್ಕರು. ಆಮೇಲೆ ಆ ಸುತ್ತು ಹಾಕಿದ ಅಂಕಿ ನೋಡಿ ನಗು ನಿಲ್ಲಿಸಿದ್ರು. ಈ ಚಿತ್ರವನ್ನ ನಾವು ಎಷ್ಟೋ ಸಲ ಕೊಟ್ಟಿದೀವಿ, ನಮ್ಮವರೇ ಬರೆದದ್ದು, ಯಾರ ಕಣ್ಣಿಗೂ ಬಿದ್ದಿರಲಿಲ್ಲ ಅಂತ ಆ ಕಾಗದವನ್ನ ಮಡಚಿ ಜೇಬಿಗಿಟ್ಕೊಂಡ್ರು. ಎರಡು ದಿನ ಬಿಟ್ಟು ಟೀಚರಮ್ಮ ಫೋನ್ ಮಾಡಿ ಕುರ್ಚಿ ನಿಮ್ಮದೇ ಮೇಡಂ ಅಂದಾಗ ನಾನು ಮಾರ್ಕೆಟ್ಟಿನಲ್ಲಿ ಹೂವಿನವಳ ಮುಂದೆ ನಿಂತಿದ್ದೆ. ಅಲ್ಲೇ ಅತ್ತುಬಿಟ್ಟೆ. ಹೂವಿನವಳು ಏನೋ ಕೆಟ್ಟ ಸುದ್ದಿ ಅಂದ್ಕೊಂಡು, ಒಂದು ಮೊಳ ಜಾಸ್ತಿ ಅಳೆದು ಕೊಟ್ಳು. ನಾನೂ ಹಾಗೇ ಇರಲಿ ಅಂತ ಸುಮ್ಮನಾದೆ.

ಅಂಗಡಿಯಲ್ಲಿ ಹೇಳಿದಾಗ ಮಾಲೀಕರು ಷಡ್ಡಕನ್ನ ಮೇಲೆ ಹಾಕಿದ್ಯಾ ಅಂತ ಮೊದಲು ಕೇಳಿದ್ರು. ಹಾಕಿದೆ ಅಂದೆ. ಕಂಪನಿಯವರು ಏನು ಕೇಳಿದ್ರು, ನೀನು ಏನಂದೆ, ಎಲ್ಲಾ ಬಿಡಿಸಿ ಬಿಡಿಸಿ ಹೇಳಿಸಿಕೊಂಡ್ರು. ನಾನು ಕೊಟ್ಟ ಉತ್ತರ ಮಾತ್ರ ಇನ್ನೊಂದು ಸಲ ಹೇಳು ಅಂದ್ರು. ಕನ್ನಡಕ ತೆಗೆದು ಒರೆಸಿದ್ರು.

ನನ್ನ ಕೊನೇ ವಾರ 'ಸುಖಾಗಮನ'ದ ಕೊನೇ ಕೆಲಸವೂ ಬಂತು. ಮಾಲೀಕರ ಮೊಮ್ಮಗಳ ಮದುವೆ ಶ್ರಾವಣದಲ್ಲಿ. ಆಷಾಢ ಹುಟ್ಟಿದ ಮೇಲೆ ಶುಭಕಾರ್ಯದ ಕಾಗದಕ್ಕೆ ಅಚ್ಚು ಹಾಕೋ ಪದ್ಧತಿ ಅವರಲ್ಲಿಲ್ಲ, ಅದಕ್ಕೇ ಮುಂಚೆಯೇ ಮುಗಿಸಬೇಕು. ಚೀಟಿ ಅವರೇ ಕೈಯಾರೆ ಬರೆದು ತಂದಿದ್ರು, ಅವರ ಆ ಗುಂಡು ಗುಂಡು ಅಕ್ಷರದಲ್ಲಿ. ಗಣೇಶನ ಸಾಲು, ಮನೆದೇವರ ಸಾಲು, ಮುಹೂರ್ತ, ಕಲ್ಯಾಣಮಂಟಪ, ಎಲ್ಲಾ ಟೈಪ್ ಮಾಡ್ತಾ ಕೆಳಗೆ ಬಂದೆ. 'ಸುಖಾಗಮನ ಬಯಸುವವರು' ಅಂತ ಹೊಡೆದು ಚೀಟಿ ನೋಡಿದ್ರೆ, ಆ ಪಟ್ಟಿಯಲ್ಲಿ ಮೊದಲನೇ ಹೆಸರು ನನ್ನದು. ಅದರ ಕೆಳಗೆ ಬಸವನಗುಡಿಯಲ್ಲಿರೋ ಅವರ ಅಣ್ಣನ ಹೆಸರು. ಅದರ ಕೆಳಗೆ ಅವರದ್ದು.

ಕಣ್ಣು ತಪ್ಪಿ ಬರೆದಿದಾರೆ ಅಂದ್ಕೊಂಡೆ. ಅವರು ಕಣ್ಣು ತಪ್ಪೋರಲ್ಲ ಅನ್ನೋದು ಆ ಹೊತ್ತಿಗೆ ನೆನಪಾಗಲಿಲ್ಲ. ಚೀಟಿ ಹಿಡ್ಕೊಂಡು ಅವರ ಕುರ್ಚಿ ಹತ್ರ ಹೋಗಿ, ಇದು ತಪ್ಪಾಗಿದೆ ಸಾರ್, ನಾನು ನಿಮ್ಮ ಮನೆಯವಳೂ ಅಲ್ಲ, ಬೇಕಾದ್ರೆ ಕೊನೆಗೆ ಹಾಕ್ತೀನಿ, ಮೇಲೆ ಹಾಕಿದ್ರೆ ನಿಮ್ಮಣ್ಣನವರು ಇಲ್ಲಿ ಬಂದು ಸ್ಟೂಲ್ ಹಾಕ್ಕೊಂಡು ಕೂತ್ಕೋತಾರೆ ಅಂದೆ.

"ಕೂತ್ಕೊಳ್ಲಿ, ಕಾಫಿ ತರಿಸ್ತೀನಿ," ಅಂದ್ರು. ಆಮೇಲೆ ಬೀದಿ ಕಡೆ ನೋಡ್ತಾ, "ಕೆಳಗೆ ಹಾಕಿದ್ರೆ ಅಲ್ಲೀವರೆಗೂ ಯಾರೂ ಓದಲ್ಲ ಅಂದೋಳು ನೀನೇ ತಾನೆ," ಅಂದ್ರು.

ನಾನು ಬಂದು ಮೇಜಿನ ಮುಂದೆ ಕೂತೆ. ಊರಿನವರ ಹೆಸರೆಲ್ಲಾ ಕಣ್ಣು ಮುಚ್ಚಿ ಹೊಡೆಯೋ ಕೈ, ನನ್ನ ಹೆಸರು ಹೊಡೆಯೋಕೆ ಎಷ್ಟು ಹೊತ್ತು ತಗೊಳ್ತೋ. ಪರದೆ ಮಂಜು ಮಂಜಾಗಿತ್ತು. ದುಃಖ ಅಲ್ಲ ಅದು. ಆ ಸಂಕ್ರಾಂತಿ ಮಾತಿನ ಸಿಟ್ಟನ್ನಾಗಲಿ, ಅದಕ್ಕೂ ಮುಂಚಿನ ಇಷ್ಟು ವರ್ಷದ ಪ್ರೀತಿಯನ್ನಾಗಲಿ ನಾನು ಅವರ ಎದುರು ಒಂದು ದಿನ ಬಾಯಿಬಿಟ್ಟು ಹೇಳಿರಲಿಲ್ಲ, ಅವರೂ ಹೇಳಿರಲಿಲ್ಲ. ಈಗ ಅವರು ಹೇಳಿಬಿಟ್ಟಿದ್ರು. ಹೆಸರನ್ನ ಮಿಕ್ಕವರದ್ದೇ ಅಳತೆಯಲ್ಲಿ ಇಟ್ಟೆ, ಒಂದು ಕೂದಲಿನಷ್ಟೂ ದಪ್ಪ ಮಾಡಲಿಲ್ಲ.

ಪ್ರೂಫ್ ತೆಗೆದು ಅವರ ಮುಂದಿಟ್ಟು, ಎರಡು ಸಲ ಓದ್ತಾರಲ್ಲ, ಹೊತ್ತಾಗುತ್ತೆ ಅಂತ ಸ್ಟೂಲ್ ಎಳ್ಕೊಂಡು ಕೂತೆ. ಅವರು ಕನ್ನಡಕ ಏರಿಸಿದ್ರು. ಕಾರ್ಡಿನ ಕೆಳಭಾಗಕ್ಕೆ ಬೆರಳು ತಂದು, ಪಟ್ಟಿಯ ಮೊದಲನೇ ಸಾಲಿನ ಮೇಲಿಟ್ಟು, ಅದೊಂದನ್ನ ಓದಿದ್ರು. ಅಲ್ಲೇ ನಿಲ್ಲಿಸಿದ್ರು. ಕೆಂಪು ಪೆನ್ನು ತೆಗೆದು ಸಹಿ ಹಾಕಿದ್ರು.